ಜಾಹೀರಾತು ಬಾರದ ದಿನದ ಸಾಲು

“ನನ್ನ ಫೈಲನ್ನ ನೀವು ಯಾಕೆ ಓದಿದ್ರಿ?”

ತನ್ನ ದನಿ ಅಷ್ಟು ದೊಡ್ಡ ಸಭಾಂಗಣದಲ್ಲಿ ಇಷ್ಟು ಗಟ್ಟಿಯಾಗಿ ಕೇಳಿಸುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಕುರ್ಚಿಗಳು ಕಿರ್ರೆಂದವು. ತಲೆಗಳು ತಿರುಗಿದವು. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ, ಕೈಚೀಲವನ್ನು ಎದೆಗವಚಿಕೊಂಡು ಎದ್ದು ನಿಂತಿದ್ದ ಹೆಣ್ಣನ್ನು ಅಲ್ಲಿದ್ದವರು ಮೊದಲ ಬಾರಿ ನೋಡಿದ್ದು ಆಗಲೇ.

ವೇದಿಕೆಯ ಮೇಲೆ ಮೈಕು ಹಿಡಿದಿದ್ದವನೂ ನೋಡಿದ.

ಬೆಳಗಿನಿಂದ ಅವನ ಮೇಲೆ ಪ್ರಶ್ನೆಗಳು ಬೀಳುತ್ತಲೇ ಇದ್ದವು. ಸುತ್ತಲಿನ ಊರುಗಳಲ್ಲಿ ಪ್ರೋಗ್ರಾಂ ಬರೆದು ಬದುಕುವವರೆಲ್ಲ ಸೇರಿದ್ದ ಸಭೆ ಅದು. ಅವರೆಲ್ಲ ವರ್ಷಗಳಿಂದ ಕೋಡ್ ಬರೆಯುತ್ತಿದ್ದದ್ದು ಅವನು ಒಬ್ಬನೇ ಕೂತು ಮಾಡಿ, ಬಿಟ್ಟಿಯಾಗಿ ಹಂಚಿದ್ದ ಎಡಿಟರಿನಲ್ಲಿ. ಅದರ ಹೆಸರು ‘ಹಲಗೆ’. ಕಂಪ್ಯೂಟರಿನಲ್ಲಿ ಅದನ್ನು ತೆರೆದರೆ ಬರೆಯಲು ಒಂದು ಜಾಗ, ಅಷ್ಟೇ. ಕಣ್ಣಿಗೆ ಅಡ್ಡ ಬರುವುದು ಏನೂ ಇಲ್ಲ. ಅದಕ್ಕೇ ಎಲ್ಲರಿಗೂ ಅದು ಅಚ್ಚುಮೆಚ್ಚು.

ಆದರೆ ಈಚೆಗೆ ಹಲಗೆಯ ಕೆಳಗಂಚಿನಲ್ಲಿ ಒಂದು ಪಟ್ಟಿ ಕಾಣಿಸಿಕೊಂಡಿತ್ತು. ಪಟ್ಟಿಯ ತುಂಬ ಜಾಹೀರಾತು!

“ನಮ್ಮ ಅಡುಗೆಮನೆ ಗೋಡೆ ಮೇಲೆ ಬಂದು ಪೋಸ್ಟರ್ ಅಂಟಿಸಿದ ಹಾಗಿದೆ ಸ್ವಾಮಿ!” ಎಂದು ಒಬ್ಬ ಕೂಗಿದ್ದ.

“ಹಲಗೆ ಬಿಟ್ಟಿ ಕೊಟ್ಟು ನಮ್ಮ ಕಣ್ಣನ್ನೇ ಬಾಡಿಗೆಗೆ ಬಿಟ್ರಲ್ಲ ನೀವು!” ಎಂದಿದ್ದ ಇನ್ನೊಬ್ಬ.

ಅವನು ಸಿಟ್ಟಾಗಿರಲಿಲ್ಲ. “ಬೇಡ ಅನ್ನಿಸಿದವರು ಬೇರೆ ಎಡಿಟರ್‌ಗೆ ಹೋಗಬಹುದು. ನಿಮ್ಮ ಫೈಲುಗಳು ನಿಮ್ಮವೇ. ನಾನು ಹಿಡಿದುಕೊಂಡಿಲ್ಲ,” ಎಂದು ಎಲ್ಲರಿಗೂ ಒಂದೇ ಸಮನೆ ಹೇಳುತ್ತಿದ್ದ.

ಆಗ ಅವಳು ಎದ್ದದ್ದು.

“ನಾನು ಯಾರ ಫೈಲನ್ನೂ...” ಎಂದು ಅವನು ಶುರುಮಾಡಿದ.

“ಸುಳ್ಳು ಹೇಳ್ಬೇಡಿ! ‘ಮನೆಯ ಬೀಗ ನೀವೇ ತೆಗೆಯುವವರಾದರೆ, ಹೊರಡುವ ಮೊದಲು ಯಾರಿಗಾದರೂ ಒಂದು ಫೋನ್ ಮಾಡಿ.’ ನಿಮ್ಮ ಪಟ್ಟಿಯಲ್ಲಿ ಬಂದಿತ್ತು. ಬರೆದೋರು ಯಾರು?”

ಅವನ ಮುಖದ ಬಣ್ಣ ಇಳಿಯಿತು.

“...ನಾನೇ.”

“ಎಲ್ಲಿಂದ ಬಂತು ಅದು?”

ಅವನು ಮೈಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

“ಹೇಳಿ! ಎಲ್ಲಿಂದ ಬಂತು?”

ತುಟಿ ಅಲುಗಿತು, ಮಾತು ಬರಲಿಲ್ಲ. ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದವನ ನೋಟವಲ್ಲ ಅದು. ಯಾರೂ ಇಲ್ಲವೆಂದುಕೊಂಡ ಮನೆಯ ಬಾಗಿಲು ತಟ್ಟುತ್ತಿದ್ದವನಿಗೆ ಒಳಗಿನಿಂದ ‘ಯಾರದು?’ ಎಂದು ಕೇಳಿಸಿದರೆ ಹೇಗೋ, ಹಾಗೆ. ಆದರೆ ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅಷ್ಟೆಲ್ಲ ಕಾಣುವ ಸ್ಥಿತಿಯಲ್ಲಿ ಅವಳಿರಲಿಲ್ಲ.

“ನಿಮಗೆ ನೋವಾಗಿದ್ರೆ... ಕ್ಷಮಿಸಿ,” ಎಂದಷ್ಟೇ ಹೇಳಿ ಅವನು ಮೈಕು ಕೆಳಗಿಟ್ಟ.

ಒಪ್ಪಿಕೊಂಡಂತೆಯೇ ಆಯಿತಲ್ಲ!

ಸಭೆ ಎದ್ದು ನಿಂತಿತು. “ಜಾಹೀರಾತು ಒಂದೇ ಅಲ್ಲಪ್ಪಾ, ಕಳ್ಳಗಣ್ಣೂ ಇಟ್ಟಿದ್ದಾನೆ!” ಕೂತಲ್ಲೇ ಲ್ಯಾಪ್‌ಟಾಪುಗಳು ತೆರೆದುಕೊಂಡವು. ಕೂತಲ್ಲೇ ಹಲಗೆಯನ್ನು ಕಿತ್ತುಹಾಕಿದರು. ಯಾವುದು ಹಗುರ, ಯಾವುದು ಚುರುಕು, ಯಾವುದರಲ್ಲಿ ಜಾಹೀರಾತಿನ ಕಾಟವಿಲ್ಲ ಎಂದು ಬೇರೆ ಎಡಿಟರುಗಳ ಹೆಸರು ಕುರ್ಚಿಯಿಂದ ಕುರ್ಚಿಗೆ ಹಾರಿತು.

ಅವನು ತನ್ನ ಲ್ಯಾಪ್‌ಟಾಪಿನ ವೈರನ್ನು ಅಂಗೈಗೆ ನಿಧಾನವಾಗಿ ಸುತ್ತಿಕೊಂಡು, ಚೀಲಕ್ಕೆ ಹಾಕಿ, ಪಕ್ಕದ ಬಾಗಿಲಿನಿಂದ ಹೊರಟ. ಬಾಗಿಲವರೆಗೆ ಹೋಗಿ ಕಳಿಸಿಕೊಡುವವರು ಒಬ್ಬರೂ ಇರಲಿಲ್ಲ.

ಅವಳು ಅದನ್ನು ನೋಡಿದಳು. ಎದೆಯ ಭಾರ ಇಳಿಯಬೇಕಿತ್ತು. ಯಾಕೋ, ಇಳಿಯಲಿಲ್ಲ.

*

ಅವಳ ಕೆಲಸ ಹಾಲಿನ ಡೇರಿಯಲ್ಲಿ. ಮುಂದೆ ಕ್ಯಾನುಗಳು ಬಂದಿಳಿಯುವ ಕಟ್ಟೆ. ಅದರ ಹಿಂದೆ ಹಾಲು ತಣ್ಣಗಾಗುವ ದೊಡ್ಡ ತೊಟ್ಟಿಗಳು. ಅದರ ಹಿಂದೆ ಪರೀಕ್ಷೆಯ ಕೋಣೆ. ಎಲ್ಲಕ್ಕಿಂತ ಹಿಂದೆ ಅವಳ ಕೋಣೆ. ತಕ್ಕಡಿ ತೂಗಿದ್ದನ್ನೂ ಪರೀಕ್ಷೆಯಲ್ಲಿ ಬಂದ ಕೊಬ್ಬಿನಂಶವನ್ನೂ ಕೂಡಿಸಿ, ಹಾಲು ತಂದವರ ಕೈಗೆ ಚೀಟಿ ಬರುವಂತೆ ಮಾಡುವ ಪ್ರೋಗ್ರಾಂ ಅವಳದು. ಬರೆದವಳೂ ಅವಳೇ, ಕೆಟ್ಟರೆ ಸರಿಮಾಡುವವಳೂ ಅವಳೇ. ಡೇರಿಯವರ ಬಾಯಲ್ಲಿ ಅವಳು ‘ಕಂಪ್ಯೂಟರಮ್ಮ’.

ಕಂಪ್ಯೂಟರಮ್ಮನ ಹತ್ತಿರ ಜನ ಬರುತ್ತಿದ್ದದ್ದು ಚೀಟಿ ಬಾರದಿದ್ದಾಗ ಮಾತ್ರ. ಎಲ್ಲ ಸರಿಯಿದ್ದ ದಿನ ಅವಳ ಬಾಗಿಲನ್ನು ಯಾರೂ ತಳ್ಳುತ್ತಿರಲಿಲ್ಲ. ಕೆಲಸ ಚೆನ್ನಾಗಿ ಮಾಡಿದಷ್ಟೂ ಅವಳು ಒಂಟಿ!

ತೊಟ್ಟಿಗಳ ಯಂತ್ರ ಗುಂಯ್ ಎನ್ನುತ್ತಿರುತ್ತಿತ್ತು. ಕಿಟಕಿಯಾಚೆ ಟ್ಯಾಂಕರ್ ತೊಳೆಯುವವರು ಒಬ್ಬರ ಮೇಲೊಬ್ಬರು ನೀರು ಹಾರಿಸಿಕೊಂಡು ನಗುತ್ತಿದ್ದರು. ಆ ನಗು ಗಾಜಿನಾಚೆಯೇ ಉಳಿಯುತ್ತಿತ್ತು.

ಕೋಡಿನ ನಡುವೆ ಟಿಪ್ಪಣಿ ಬರೆಯುವುದು ಅವಳ ಅಭ್ಯಾಸ. ಕಂಪ್ಯೂಟರ್ ಅದನ್ನು ಓದದೆ ಬಿಟ್ಟು ಮುಂದೆ ಹೋಗುತ್ತದೆ. ನಾಳೆ ಈ ಕೆಲಸಕ್ಕೆ ಬರುವ ಮನುಷ್ಯರಿಗೆ ಅರ್ಥವಾಗಲೆಂದು ಬರೆದಿಡುವುದು. ‘ತಕ್ಕಡಿ ಬಿಸಿಲಿಗೆ ಹೆಚ್ಚು ತೋರಿಸುತ್ತದೆ, ಅದಕ್ಕೇ ಈ ಸಾಲು’ ಎಂಬಂಥವು. ಆದರೆ ನಾಳೆ ಯಾರು ಬರುತ್ತಾರೆ? ಯಾರೂ ಓದದ ಜಾಗದಲ್ಲಿ ಬರೆಯುತ್ತ ಬರೆಯುತ್ತ ಟಿಪ್ಪಣಿಗಳು ಮೆಲ್ಲಗೆ ಬೇರೆ ದಾರಿ ಹಿಡಿದವು.

‘ಇವತ್ತು ಚೀಟಿ ಸರಿಯಾಗಿ ಬಂತು. ಯಾರ ಜೊತೆಯೂ ಮಾತಾಡಿಲ್ಲ.’

‘ಸಂಜೆ ಮನೆಗೆ ಹೋದರೆ ಬೀಗ ನಾನೇ ತೆಗೆಯಬೇಕು.’

ಹಲಗೆಯ ಕೆಳಗೆ ಪಟ್ಟಿ ಬಂದದ್ದು ಇಂಥ ದಿನಗಳಲ್ಲೇ. ಬೆನ್ನುನೋವಿಗೆ ಕುರ್ಚಿ, ಬಾಡಿಗೆಗೆ ಸರ್ವರ್, ಸಂದರ್ಶನ ಗೆಲ್ಲಿಸುವ ತರಗತಿ... ಅವಳಿಗೂ ಮೊದಮೊದಲು ಕಿರಿಕಿರಿಯಾಯಿತು. ಬೇರೆ ಎಡಿಟರ್ ಹುಡುಕಿಟ್ಟಿದ್ದಳು ಕೂಡ. ಬದಲಾಯಿಸಬೇಕು ಎಂದುಕೊಂಡ ಬೆಳಗ್ಗೆಯೇ ಪಟ್ಟಿಯಲ್ಲಿ ಜಾಹೀರಾತು ಇರಲಿಲ್ಲ. ಕೊಳ್ಳುವವರು ಸಿಗದೆ ಖಾಲಿ ಉಳಿದ ಆ ಜಾಗದಲ್ಲಿ ಒಂದು ಸಾಲು ಇತ್ತು.

‘ಬೆನ್ನು ನೆಟ್ಟಗೆ ಮಾಡಿ ಕೂತಿದ್ದೀರಾ?’

ಅವಳು ಥಟ್ಟನೆ ಬೆನ್ನು ನೆಟ್ಟಗೆ ಮಾಡಿದಳು. ಆಮೇಲೆ ತನ್ನಷ್ಟಕ್ಕೇ ನಕ್ಕಳು.

ಎರಡು ದಿನ ಬಿಟ್ಟು ಇನ್ನೊಂದು. ‘ತಪ್ಪು ಎಲ್ಲಿದೆಯೆಂದು ಸಿಗಲಿಲ್ಲವೇ? ಸಿಗುತ್ತದೆ. ಮೊದಲು ಊಟ ಮಾಡಿ.’

“ಮಾಡ್ತೀನಿ,” ಎಂದಳು ಖಾಲಿ ಕೋಣೆಯಲ್ಲಿ, ಗಟ್ಟಿಯಾಗಿ.

ಇದನ್ನು ಯಾವ ಕಂಪನಿಯೂ ಬರೆದಿರಲಾರದು. ಯಾರೋ ಒಬ್ಬ ಮನುಷ್ಯ, ತನ್ನ ಹಾಗೆಯೇ ಒಂದು ಕೋಣೆಯಲ್ಲಿ ಕೂತು ಬರೆದದ್ದು. ಜಾಹೀರಾತು ಬಂದ ದಿನ ಅವಳಿಗೆ ಬೇಸರವಾಗತೊಡಗಿತು. ಬಾರದ ದಿನ ಮುಖ ಅರಳುತ್ತಿತ್ತು! ಗೊತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಹಲಗೆ ಬಿಟ್ಟು ಹೋದರು. ಅವಳು ಮಾತ್ರ ಉಳಿದಳು. ಮುಖ ನೋಡದ ಒಬ್ಬನ ಮಾತಿಗೆ ಕಾಯುವುದನ್ನು ಏನೆನ್ನುತ್ತಾರೋ, ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಆಮೇಲೆ ಒಂದು ಬೆಳಗ್ಗೆ ಪಟ್ಟಿಯಲ್ಲಿ ಆ ಬೀಗದ ಸಾಲು ಬಂತು.

ಹಿಂದಿನ ದಿನವಷ್ಟೇ ತಾನು ಬರೆದ ಟಿಪ್ಪಣಿಗೆ ಇದು ಉತ್ತರದ ಹಾಗಿತ್ತಲ್ಲ! ಮೊದಲ ಕ್ಷಣ ಎದೆ ಹಿಗ್ಗಿತು. ಎರಡನೆಯ ಕ್ಷಣಕ್ಕೆ ತಣ್ಣಗಾಯಿತು. ಹಾಗಾದರೆ ಅವನು ನನ್ನ ಫೈಲು ಓದುತ್ತಿದ್ದಾನೆ... ಇಷ್ಟು ದಿನವೂ ಓದುತ್ತಿದ್ದ. ನಾನು ತೆರೆಯುವ ಫೈಲಿಗೆ ತಕ್ಕಂತೆ ಜಾಹೀರಾತು ಬದಲಾಗುತ್ತಿತ್ತಲ್ಲ, ಸಾಲುಗಳೂ ಹಾಗೆಯೇ! ಸ್ನಾನದ ಮನೆಯ ಕಿಟಕಿಯಲ್ಲಿ ಯಾರದೋ ಕಣ್ಣು ಕಂಡಂತೆ ಅವಳ ಮೈ ಮುದುಡಿತು. ಒಳಗೊಳಗೇ ಮೆಚ್ಚಿದ್ದವನೇ ಇಣುಕಿದ್ದ!

ಆ ಉರಿಯಲ್ಲೇ ಅವಳು ಬಸ್ಸು ಹತ್ತಿ ಆ ಸಭೆಗೆ ಹೋಗಿದ್ದು.

*

“ಏನೇ, ಮುಖ ಹಾಲೊಡೆದ ಹಾಗಿದೆ?”

ಕೇಳಿದ್ದು ಪರೀಕ್ಷೆ ಕೋಣೆಯ ಅಕ್ಕ. ಹಾಲಿನ ಫ್ಯಾಟ್ ನೋಡುವವಳೆಂದು ಟ್ಯಾಂಕರ್ ಡ್ರೈವರುಗಳು ಅವಳಿಗೆ ‘ಫ್ಯಾಟಕ್ಕ’ ಎಂದು ಹೆಸರಿಟ್ಟಿದ್ದರು. ಆಳು ಮಾತ್ರ ಒಣಗಿದ ಕಡ್ಡಿ. “ನನ್ನ ಫ್ಯಾಟೆಲ್ಲ ಹೆಸರಲ್ಲೇ ಖರ್ಚಾಗಿಹೋಯ್ತು,” ಎಂದು ಅವಳೇ ನಗುತ್ತಿದ್ದಳು.

“ಏನಿಲ್ಲ ಅಕ್ಕಾ.”

“ಏನಿಲ್ಲದ ಮುಖ ನಂಗೆ ಗೊತ್ತು. ಇದು ಏನೋ ಇರೋ ಮುಖ.”

ಅವಳು ಹೇಳಿದಳು. ಸಾಲುಗಳು, ಬೀಗ, ಸಭೆ... ಎಲ್ಲ. ತಾನು ಕಾಯುತ್ತಿದ್ದದ್ದನ್ನು ಮಾತ್ರ ಹೇಳಲಿಲ್ಲ.

“ಇಣುಕಿದೋನಿಗೆ ಸರಿಯಾಗಿ ಉಗಿದು ಬಂದೆ ತಾನೇ?”

“ಬಂದೆ.”

“ಮತ್ತೆ ಅವನು ಸೊರಗಬೇಕಪ್ಪ. ನೀನ್ಯಾಕೆ ಸೊರಗ್ತಿದ್ದೀಯ?”

ಕೆಲಸವಿದೆ ಎಂದು ಅವಳು ಎದ್ದಳು.

ಅವಳೂ ಹಲಗೆ ಬಿಟ್ಟಿದ್ದಳು. ಹೊಸ ಎಡಿಟರ್ ಚುರುಕಾಗಿತ್ತು, ಚೊಕ್ಕಟವಾಗಿತ್ತು. ಕೆಳಗಂಚಿನಲ್ಲಿ ಏನೂ ಇರಲಿಲ್ಲ. ಬೆನ್ನು ಬಾಗಿದರೆ ಕೇಳುವವರಿಲ್ಲ. ಊಟದ ಹೊತ್ತು ಮೀರಿದರೆ ಹೇಳುವವರಿಲ್ಲ. ಕೆಲಸದ ನಡುವೆ ಕಣ್ಣು ಆ ಬೋಳು ಅಂಚಿಗೆ ಹೋಗಿ, ಅಲ್ಲಿ ನಿಂತು, ಬರಿಗೈಯಲ್ಲಿ ವಾಪಸಾಗುತ್ತಿತ್ತು.

ಮಧ್ಯಾಹ್ನ ಅತ್ತಿಗೆಯ ಫೋನು. ಅಣ್ಣನ ಮನೆಯಲ್ಲಿ ಎಲ್ಲರದೂ ಊಟವಾಗಿ, ಅಮ್ಮ ಒಂದು ಕಣ್ಣು ನಿದ್ದೆಗೆ ಜಾರಿದ ಮೇಲೆ ಅತ್ತಿಗೆ ಫೋನ್ ಮಾಡುವುದು.

“ಊಟ ಆಯ್ತೇನೇ? ಅಲ್ಲಿ ಒಬ್ಬಳೇ ಕೂತು ಕೂತು ಗೋಡೆ ಜೊತೆ ಮಾತಾಡೋಕೆ ಶುರು ಮಾಡಿಬಿಟ್ಟೀಯ! ಆಮೇಲೆ ನಿನಗೆ ಗಂಡು ಹುಡುಕೋದಲ್ಲ, ಡಾಕ್ಟರ್ ಹುಡುಕಬೇಕಾಗುತ್ತೆ.”

“ಈಗ ಗೋಡೆನೂ ಮಾತಾಡ್ತಿಲ್ಲ ಅತ್ತಿಗೆ,” ಎಂದಳು. ನಗಲು ಹೋಗಿ ಮೂಗೆಳೆದಳು.

“...ನೆಗಡಿಯಾ?”

“ಹೂಂ. ನೆಗಡಿ.”

*

ಸಭೆ ನಡೆಸಿದವರು ಅವಳಿಗೆ ಬರೆದರು. ‘ಹಲಗೆಯ ಕೋಡ್ ಎಲ್ಲರಿಗೂ ತೆರೆದಿದೆ. ಫೈಲು ಕದ್ದು ಕಳಿಸುವ ಜಾಗ ಎಲ್ಲಿದೆ ಎಂದು ಹುಡುಕಿ ತೋರಿಸಿದರೆ ಜಗತ್ತಿಗೇ ಹೇಳಬಹುದು. ಮೊದಲು ಕಂಡುಹಿಡಿದವರು ನೀವೇ ಅಲ್ಲವೇ?’

ಆಗ ಅವಳಿಗೆ ಹೊಳೆಯಿತು. ತಾನು ಅದನ್ನು ಓದಿಯೇ ಇರಲಿಲ್ಲ! ತಾನೊಬ್ಬಳೇ ಅಲ್ಲ, ಆ ಸಭೆಯಲ್ಲಿದ್ದ ಯಾರೂ ಓದಿರಲಿಲ್ಲ. ಯಾರು ಬೇಕಾದರೂ ನೋಡಬಹುದಾದ್ದರಿಂದ, ಯಾರೋ ನೋಡಿರುತ್ತಾರೆ ಎಂದು ಎಲ್ಲರೂ ಸುಮ್ಮನಿದ್ದರು.

ಬೆಳಗಿನ ಹಾಲು ಇಳಿದು, ಸಂಜೆಯ ಹಾಲು ಬರುವವರೆಗೆ ಡೇರಿಯಲ್ಲಿ ಕೆಲಸ ಕಡಿಮೆ. ಆ ಹೊತ್ತಿನಲ್ಲಿ ಅವಳು ಹಲಗೆಯ ಕೋಡ್ ತೆರೆದು ಕೂತಳು. ಕಳ್ಳನನ್ನು ಹಿಡಿಯಲೆಂದೇ ಕೂತದ್ದು.

ಒಬ್ಬರ ಕೋಡನ್ನು ಸಾಲು ಸಾಲಾಗಿ ಓದುವುದೆಂದರೆ ಅವರ ಮನೆಯಲ್ಲಿ ಅವರಿಲ್ಲದಾಗ ಓಡಾಡಿದ ಹಾಗೆ. ಪಾತ್ರೆ ಎಲ್ಲಿಡುತ್ತಾರೆ, ಕಸ ಎಲ್ಲಿ ಸರಿಸುತ್ತಾರೆ, ಎಲ್ಲ ಕಾಣುತ್ತದೆ. ಇವನ ಮನೆ ಓರಣವಾಗಿತ್ತು. ಅವಸರದಲ್ಲಿ ಕಟ್ಟಿದ ಒಂದು ಗೋಡೆಯೂ ಇರಲಿಲ್ಲ. ಕರೆಂಟು ಹೋದರೆ ಬರೆದದ್ದು ಉಳಿಯಲಿ ಎಂದು ಎಷ್ಟು ಜಾಗ್ರತೆ! ಜಾಹೀರಾತು ತರಲು ಹೊರಡುವ ಮೊದಲು ಬರೆಯುವವರ ಕೆಲಸವನ್ನು ಉಳಿಸಿಟ್ಟು ಹೊರಡು ಎಂದು ಹಲಗೆಗೆ ಹೇಳಿಕೊಟ್ಟಿದ್ದ. ತನ್ನ ಸಂಪಾದನೆಗಿಂತ ಮೊದಲು ಅವರ ಬರಹ...

ಅವಳು ಓದುತ್ತ ಹೋದಳು. ಹಲಗೆ ಹೊರಗೆ ಕಳಿಸುತ್ತಿದ್ದದ್ದು ಒಂದೇ ಮಾತು: ‘ಇಲ್ಲಿ ಇಂಥ ಭಾಷೆಯ ಕೋಡ್ ಬರೆಯುತ್ತಿದ್ದಾರೆ, ಜಾಹೀರಾತು ಇದೆಯೇ?’ ಬರೆಯುವವರು ಯಾರು ಎಂದಿಲ್ಲ. ಏನು ಬರೆದರು ಎಂದಿಲ್ಲ. ಉತ್ತರ ಬಾರದಿದ್ದರೆ ಹಲಗೆಯ ಒಳಗೇ ಇಟ್ಟ ಸಾಲುಗಳಲ್ಲಿ ಯಾವುದೋ ಒಂದನ್ನು ಕಣ್ಣುಮುಚ್ಚಿ ಎತ್ತಿ ತೋರಿಸುವುದು. ಅಷ್ಟೇ.

ಬೀಗದ ಸಾಲೂ ಅಲ್ಲಿತ್ತು. ಅದು ಹಲಗೆಯೊಳಗೆ ಯಾವಾಗ ಸೇರಿತೆಂದು ನೋಡಿದಳು. ತಾನು ಆ ಟಿಪ್ಪಣಿ ಬರೆದದ್ದು ಸಾಲು ಕಾಣಿಸಿದ ಹಿಂದಿನ ದಿನ. ಈ ಸಾಲು ಅದಕ್ಕೂ ಎಷ್ಟೋ ಮೊದಲಿನಿಂದ ಅಲ್ಲಿ ಕೂತಿತ್ತು... ಕಣ್ಣುಮುಚ್ಚಿ ಎತ್ತುವ ಕೈಗೆ ಆ ದಿನ ಸಿಕ್ಕಿತ್ತು.

ಅವನು ಇಣುಕಿರಲಿಲ್ಲ.

ಅವಳ ಕೈ ಕೀಲಿಮಣೆಯ ಮೇಲೆ ಹಾಗೇ ಬಿತ್ತು. ಅಯ್ಯೋ... ಅಷ್ಟು ಜನರ ಮುಂದೆ!

*

ಅವತ್ತೇ ಎಲ್ಲರೂ ನೋಡುವ ಕಡೆ ಬರೆದಳು. ‘ನಾನು ಹೇಳಿದ್ದು ತಪ್ಪು. ಹಲಗೆ ಯಾರ ಫೈಲನ್ನೂ ಓದುವುದಿಲ್ಲ. ಪೂರ್ತಿ ಕೋಡ್ ಓದಿ ಹೇಳುತ್ತಿದ್ದೇನೆ.’

ಉತ್ತರ ಬಂದದ್ದೇ ಕಡಿಮೆ. ‘ಇರಲಿ ಬಿಡಿ, ಹೊಸ ಎಡಿಟರ್ ಅಭ್ಯಾಸ ಆಯ್ತು.’ ‘ಓದದಿದ್ದರೂ ಜಾಹೀರಾತು ಇತ್ತಲ್ಲ?’ ಒಬ್ಬ ಹೆಬ್ಬೆರಳಿನ ಚಿತ್ರ ಹಾಕಿ ಮುಗಿಸಿದ. ಬೆಂಕಿ ಹಚ್ಚಲು ಬಂದಷ್ಟು ಜನ ಆರಿಸಲು ಬರಲಿಲ್ಲ.

ಅವನಿಗೂ ಬರೆದಳು. ಉತ್ತರವಿಲ್ಲ. ಹಲಗೆಯ ಪುಟಕ್ಕೆ ಹೋಗಿ ನೋಡಿದರೆ ಅಲ್ಲೊಂದು ಸೂಚನೆ: ‘ಈ ತಿಂಗಳ ಕೊನೆಗೆ ಹಲಗೆಯನ್ನು ನಿಲ್ಲಿಸುತ್ತಿದ್ದೇನೆ. ನಿಮ್ಮ ಫೈಲುಗಳನ್ನೂ ಜೋಡಿಸಿಟ್ಟುಕೊಂಡ ಬಣ್ಣಗಳನ್ನೂ ಬೇರೆ ಎಡಿಟರಿಗೆ ಒಯ್ಯುವುದು ಹೇಗೆಂದು ಕೆಳಗೆ ಬರೆದಿದ್ದೇನೆ.’

ಕೆಳಗೆ ಒಂದೊಂದು ಎಡಿಟರಿಗೂ ಬೇರೆ ಬೇರೆಯಾಗಿ, ತಾಳ್ಮೆಯಿಂದ, ಚಿತ್ರ ಸಮೇತ ಬರೆದಿದ್ದ. ತನ್ನನ್ನು ಬಿಟ್ಟು ಹೋಗುವವರ ಗಂಟುಮೂಟೆಯನ್ನು ತಾನೇ ಕಟ್ಟಿಕೊಟ್ಟಿದ್ದ!

ಅವಳು ಪರೀಕ್ಷೆ ಕೋಣೆಗೆ ಓಡಿ, ಅಕ್ಕನ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟಳು.

“ಓಹೋ,” ಎಂದಳು ಫ್ಯಾಟಕ್ಕ, ಗಾಜಿನ ನಳಿಗೆ ತೊಳೆಯುತ್ತ. “ಇಣುಕಿಲ್ಲ ಅಂತ ಗೊತ್ತಾದ್ರೆ ಸಮಾಧಾನ ಆಗ್ಬೇಕು. ಹೀಗೆ ಅಳೋದು ಅಂದ್ರೆ... ಇಷ್ಟಪಟ್ಟಿದ್ದೀಯ.”

“ಅಕ್ಕಾ!”

“ಕೂಗ್ಬೇಡ, ಡ್ರೈವರ್‌ಗಳಿಗೆ ಕೇಳಿಸಿದ್ರೆ ಟ್ಯಾಂಕರ್ ಜೊತೆ ಸುದ್ದಿನೂ ಊರೂರು ಹೋಗುತ್ತೆ. ಹೋಗು, ನೋಡ್ಕೊಂಡು ಬಾ.”

“ಬರೆದಿದ್ದೀನಿ. ಉತ್ತರ ಇಲ್ಲ.”

“ಬರೆದ್ಲಂತೆ! ಬೈಯೋವಾಗ ಬಸ್ ಹತ್ತಿ ಹೋದೆ. ಕ್ಷಮೆ ಕೇಳೋವಾಗ ಕೂತಲ್ಲೇ ಟೈಪ್ ಮಾಡಿದ್ಯಾ?”

ಅವಳು ಕಣ್ಣೊರೆಸಿಕೊಂಡಳು.

“ಸಂಜೆ ಹಾಲಿಗೆ ನಾನಿದ್ದೀನಿ,” ಎಂದಳು ಅಕ್ಕ. “ಚೀಟಿ ಬರ್ಲಿಲ್ಲ ಅಂದ್ರೆ ಕೈಯಲ್ಲೇ ಬರ್ಕೊಡ್ತೀನಿ. ಎದ್ದೇಳು.”

*

ವಿಳಾಸ ಕೊಟ್ಟವರು ಸಭೆ ನಡೆಸಿದವರೇ. ಒಂದು ಬ್ರೆಡ್ ಬೇಕರಿಯ ಮೇಲಿನ ಕೋಣೆ. ಹೊರಗಿನಿಂದಲೇ ಕಬ್ಬಿಣದ ಮೆಟ್ಟಿಲು. ಬಾಗಿಲು ತೆರೆದಿತ್ತು. ಒಳಗೆ ಅವನು ರಟ್ಟಿನ ಪೆಟ್ಟಿಗೆಗೆ ಪುಸ್ತಕ ತುಂಬುತ್ತಿದ್ದ, ಬರಿಗಾಲಲ್ಲಿ.

ನೆರಳು ಬಿದ್ದದ್ದಕ್ಕೆ ತಲೆಯೆತ್ತಿದ. ಕೈಯಲ್ಲಿದ್ದ ಪುಸ್ತಕ ಕೈಯಲ್ಲೇ ಉಳಿಯಿತು.

“ನೀವು...”

“ನಾನೇ. ಬೈಯೋಕಲ್ಲ,” ಎಂದಳು ಹೊಸ್ತಿಲಲ್ಲೇ ನಿಂತು. “ಒಳಗೆ ಬರಬಹುದಾ?”

ಅವನು ಗಡಬಡಿಸಿ ಇದ್ದ ಒಂದೇ ಕುರ್ಚಿಯನ್ನು ಒರೆಸಿದ. ಅವಳು ಚಪ್ಪಲಿ ಬಿಟ್ಟು ಕಾಲಿಟ್ಟಳು. ಕೆಳಗಿನ ಒಲೆಯ ಬಿಸಿ ನೆಲದಿಂದ ಅಂಗಾಲಿಗೆ ಹತ್ತಿತು.

“ನಾನು ಪೂರ್ತಿ ಓದಿದೆ. ನಿಮ್ಮ ಕೋಡನ್ನ. ನೀವು ಯಾರದ್ದೂ ಓದಿಲ್ಲ. ನನ್ನದೂ...” ಅವಳು ಕೈಚೀಲವನ್ನು ಎದೆಗವಚಿಕೊಂಡಳು. “ಅಷ್ಟು ಜನರ ಎದುರಿಗೆ ನಿಮ್ಮನ್ನ ಕಳ್ಳನನ್ನಾಗಿ ಮಾಡಿದೆ. ಕ್ಷಮೆ ಕೇಳೋಕೆ ಬಂದೆ. ನೀವು ಬೈದ್ರೂ ಸರಿ.”

“ಪೂರ್ತಿ ಓದಿದ್ರಾ?” ಅವನಿಗೆ ಅದೇ ಆಶ್ಚರ್ಯ. “ಆ ಹಳೇ ಭಾಗಗಳನ್ನೂ? ಅವು ನನಗೇ ಬೇಜಾರು.”

“ಓದಿದೆ. ಆದ್ರೆ ಒಂದು ಅರ್ಥ ಆಗ್ಲಿಲ್ಲ. ‘ಎಲ್ಲಿಂದ ಬಂತು’ ಅಂತ ಕೇಳಿದಾಗ ‘ಮೊದಲೇ ಬರೆದಿಟ್ಟಿದ್ದು’ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಯಾಕೆ ಸುಮ್ಮನಾದ್ರಿ?”

ಅವನು ಕಿಟಕಿಯ ಕಟ್ಟೆಗೆ ಒರಗಿದ. ಕೆಳಗೆ ಬ್ರೆಡ್ಡಿನ ತಟ್ಟೆಗಳು ಒಂದಕ್ಕೊಂದು ತಾಗಿ ಸದ್ದಾದವು.

“ಅಮ್ಮ ಮತ್ತೆ ನಾನು, ಇಬ್ಬರೇ ಇದ್ದದ್ದು ಇಲ್ಲಿ,” ಎಂದ ಕೊನೆಗೆ. “ಅವಳು ಹಾಸಿಗೆ ಹಿಡಿದ ಮೇಲೆ ಹೊರಗೆ ಕೆಲಸಕ್ಕೆ ಹೋಗೋ ಹಾಗಿರಲಿಲ್ಲ. ಅದಕ್ಕೇ ಹಲಗೆಗೆ ಜಾಹೀರಾತು ತಂದೆ. ಮನಸ್ಸಿರಲಿಲ್ಲ... ಬೇರೆ ದಾರಿನೂ ಇರಲಿಲ್ಲ. ಅವಳು ಹೋದ ಮೇಲೆ ಒಂದು ದಿನ ಹೊರಗೆ ಹೊರಟೆ, ನೋಡ್ತೀನಿ, ಬಾಗಿಲಿಗೆ ಬೀಗವೇ ಇಲ್ಲ. ಹುಟ್ಟಿದಾಗಿನಿಂದ ನಾನು ಬಂದಾಗೆಲ್ಲ ಬಾಗಿಲು ತೆಗೆಯೋಕೆ ಅವಳಿದ್ಲು. ಅವತ್ತು ಅಂಗಡಿಗೆ ಹೋಗಿ ಮೊದಲ ಸಲ ಬೀಗ ತಂದೆ.”

ಅವಳ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲೂ ನೆನಪಾಗಲಿಲ್ಲ.

“ಆ ಸಾಲು ಅಲ್ಲಿಂದ ಬಂತು. ಅದನ್ನ ಮೈಕಲ್ಲಿ ಹೇಗೆ ಹೇಳ್ಲಿ?”

“...ಕ್ಷಮಿಸಿ.”

“ಇನ್ನೊಂದು ಕಾರಣ ಇದೆ.” ಅವನ ಕಿವಿ ಕೆಂಪಾಯಿತು. “ಹಲಗೆ ಯಾರ ಸುದ್ದಿನೂ ತರಲ್ಲ. ನಾನೇ ಹಾಗೆ ಮಾಡಿದ್ದು. ಹಾಗಾಗಿ ಆ ಸಾಲುಗಳನ್ನ ಯಾರಾದ್ರೂ ಓದ್ತಿದ್ದಾರಾ, ಒಬ್ಬರಾದ್ರೂ ಇದ್ದಾರಾ, ಅಂತ ನನಗೆ ಗೊತ್ತಾಗೋ ದಾರಿನೇ ಇರಲಿಲ್ಲ. ಬರೀತಿದ್ದೆ, ಅಷ್ಟೇ. ಬಾವಿಗೆ ಕೂಗಿದ ಹಾಗೆ. ಅವತ್ತು ನೀವು ಎದ್ದು ನಿಂತು ಆ ಸಾಲನ್ನ ಒಂದಕ್ಷರ ತಪ್ಪದೆ ಹೇಳಿದ್ರಿ... ನೀವು ಬೈತಿದ್ರಿ. ನನಗೆ ಸಂತೋಷ ಆಗ್ತಿತ್ತು. ಯಾರೋ ಓದಿದ್ದಾರೆ! ಅದಕ್ಕೇ ಬಾಯಿ ಕಟ್ಟಿಹೋಯ್ತು.”

ಅವಳು ಅಂಗೈಯಿಂದ ಕೆನ್ನೆ ಒರೆಸಿಕೊಂಡಳು.

“ನನಗೆ ಎಲ್ಲ ಸಾಲೂ ಬಾಯಿಪಾಠ ಬರುತ್ತೆ,” ಎಂದಳು ಅವಳು, ನೆಲ ನೋಡುತ್ತ. “ಎಲ್ಲರೂ ಜಾಹೀರಾತು ಬಂತು ಅಂತ ಹಲಗೆ ಬಿಟ್ರು. ನಾನು ಜಾಹೀರಾತು ಬರದ ದಿನಕ್ಕೋಸ್ಕರ ಉಳ್ಕೊಂಡೆ.”

“ಜಾಹೀರಾತು ಸಿಗದ ದಿನ ನನಗೆ ನಷ್ಟದ ದಿನ, ಗೊತ್ತಾ?” ಎಂದ ಅವನು, ಮೊದಲ ಬಾರಿ ನಗುತ್ತ.

“ನನಗೆ ಅದೇ ಲಾಭ. ಏನ್ಮಾಡ್ಲಿ?” ಎಂದಳು. ಅವಳಿಗೂ ನಗು ಬಂತು, ಅಳುವಿನ ನಡುವೆಯೇ.

ಅವಳು ರಟ್ಟಿನ ಪೆಟ್ಟಿಗೆಯತ್ತ ನೋಡಿದಳು. “ಎಲ್ಲಿಗೆ ಹೊರಟಿದ್ದೀರಿ?”

“ದೂರದಲ್ಲಿ ಒಂದು ಕಂಪನಿ ಕರೆದಿದೆ. ಇಲ್ಲೂ ಒಂದು ಕಡೆ ಕಂಪ್ಯೂಟರ್ ಕಲಿಸೋಕೆ ಬನ್ನಿ ಅಂತಿದ್ದಾರೆ. ಇಲ್ಲಿರೋಕೆ ಕಾರಣ ಇರಲಿಲ್ಲ. ಹಲಗೆ ಹೇಗೂ ಮುಗೀತು.”

“ಪಟ್ಟಿ ತೆಗೆದುಬಿಡಿ. ಹಲಗೆ ಇರಲಿ.”

“ಯಾರಿಗೋಸ್ಕರ? ಎಲ್ಲರೂ ಹೋದ್ರು.”

“ನನಗೊಬ್ಬಳಿಗೆ. ಸಾಕಾಗಲ್ವಾ?”

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಪೆಟ್ಟಿಗೆಯಿಂದ ಒಂದು ಪುಸ್ತಕ ತೆಗೆದು, ಮತ್ತೆ ಕಪಾಟಿನಲ್ಲಿಟ್ಟ.

*

ಬಸ್ ನಿಲ್ದಾಣವೆಂದರೆ ರಸ್ತೆ ಬದಿಯ ಒಂದು ಕಂಬ. ಬಿಸಿಲು ಹಳದಿಯಾಗಿ ವಾಲಿತ್ತು. ಅವನು ಬಿಡಲು ಬಂದಿದ್ದ. ಡೇರಿಯ ಕೆಲಸ, ಸಂಜೆಯ ಹಾಲು ಎಂದೆಲ್ಲ ದಾರಿಯಲ್ಲಿ ಅವಳು ಹೇಳಿದ್ದಳು. ಇಬ್ಬರ ನಡುವೆ ಒಬ್ಬರು ನಿಲ್ಲುವಷ್ಟು ಜಾಗವಿತ್ತು. ಅದು ಹೇಗೋ ಕಡಿಮೆಯಾಗುತ್ತಿತ್ತು.

“ಒಂದು ಮಾತು ಹೇಳ್ಬೇಕು,” ಎಂದ ಅವನು. “ಬರೆಯೋದಾದ್ರೆ ನಾಲ್ಕು ಪದ. ಬಾಯಲ್ಲಿ ಹೇಳೋಕೆ ನನಗೆ ಬರಲ್ಲ.”

“ಬರೆದದ್ದು ಸಾಕು. ಹೇಳಿ.”

“ನೀವು... ಅಂದ್ರೆ ನಾನು...” ಅವನು ಕಂಬವನ್ನು ಹಿಡಿದುಕೊಂಡ. “ಇನ್ನು ಮೇಲೆ ಯಾರು ಓದ್ತಾರೋ ಅಂತ ಬರೆಯೋಕೆ ಇಷ್ಟ ಇಲ್ಲ. ನಿಮ್ಮ ಹತ್ತಿರ ಕೂತು ಹೇಳ್ಬೇಕು. ದಿನಾ. ಕೊನೆವರೆಗೂ.”

ಅವಳು ಕಂಬದ ಮೇಲಿದ್ದ ಅವನ ಕೈಯ ಪಕ್ಕದಲ್ಲಿ ತನ್ನ ಕೈ ಇಟ್ಟಳು. ಆಮೇಲೆ ಆ ಕೈಯ ಮೇಲೆ.

ಬಸ್ಸು ಬಂತು. ನಿಧಾನಿಸಿತು. ಅವಳು ಕೈ ಮಾಡಲಿಲ್ಲ. ಧೂಳೆಬ್ಬಿಸಿಕೊಂಡು ಹೊರಟುಹೋಯಿತು.

“ನಿಮ್ಮ ಬಸ್ಸು ಹೋಯ್ತು!”

“ಗೊತ್ತು.”

“ಸಂಜೆ ಹಾಲು?”

“ಅಕ್ಕ ಇದ್ದಾಳೆ.”

“ಮುಂದಿನ ಬಸ್ಸಿಗೆ ತುಂಬಾ ಹೊತ್ತಿದೆಯಲ್ಲ...”

“ಹೂಂ. ಅಲ್ಲಿವರೆಗೂ ಏನು ಮಾಡೋಣ?”

“ನೀವು ಮಾತಾಡಿ,” ಎಂದ ಅವನು. “ಇವತ್ತಿನವರೆಗೂ ನಾನೊಬ್ಬನೇ ಮಾತಾಡಿದ್ದು.”

“ಎಲ್ಲಿಂದ ಶುರು ಮಾಡ್ಲಿ? ಬೆಳಿಗ್ಗೆ ಎದ್ದಾಗಿನಿಂದ ಹೇಳ್ಲಾ?”

“ಹುಟ್ಟಿದಾಗಿನಿಂದ ಹೇಳಿ.”